ಭಾವನ ಹವಾಯಿ ಪೆಡಲ್ಲು

ನಮ್ಮ ಭಾವ ಮನೆಗೆ ಬರುತ್ತಾರೆಂದರೆ ನಾವು ಮೊದಲು ಮಾಡುವ ಕೆಲಸ ಸ್ಕ್ರೂಡ್ರೈವರ್ ಬಚ್ಚಿಡುವುದು! ಹಾಲು, ಕಾಫಿಪುಡಿಯ ವಿಚಾರ ಆಮೇಲೆ. ಭಾವ ಅಂದರೆ ಅಕ್ಕನ ಗಂಡ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೋಟರ್ ರಿಪೇರಿ ಮಾಡಿ ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿತು, ರಿಪೇರಿ ಬಿಡಲಿಲ್ಲ. ಒಮ್ಮೆ ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಗೆ ಬಂದವರು ಕಾಲಿಂಗ್ ಬೆಲ್ ಒತ್ತಲಿಲ್ಲ, ಅದನ್ನೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. "ಇದರೊಳಗೆ ಇರುವೆ ಸಂಸಾರ ಮಾಡ್ತಿದೆ ಮಾರಾಯ್ತಿ" ಅಂದರು.

ಇರಲಿ, ಈಗ ಪೆಡಲ್ಲಿನ ಕಥೆ. ನಮ್ಮಕ್ಕ ಹೊಲಿಗೆಯವಳು. ಅವಳ ಬೀದಿಯ ಅರ್ಧ ಹೆಂಗಸರು ತೊಡುವುದು ಅವಳು ಹೊಲಿದ ರವಿಕೆಯನ್ನೇ. ಹೋದ ವರ್ಷ ಮಂಡಿನೋವು ಜೋರಾಗಿ, "ಇನ್ನು ಮೆಷಿನ್ ತುಳಿಯೋ ಹಾಗಿಲ್ಲ" ಎಂದು ಡಾಕ್ಟರು ಹೇಳಿಬಿಟ್ಟರು. ಅಕ್ಕ ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿ ಸುಮ್ಮನೆ ಕೂತಳು. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಭಾವನನ್ನು ಬೈಯುವುದನ್ನೂ ನಿಲ್ಲಿಸಿದಾಗ ನಮಗೆಲ್ಲ ನಿಜಕ್ಕೂ ಗಾಬರಿಯಾಯಿತು. ನಾನು ಭದ್ರಾವತಿಗೆ ನೋಡಲು ಹೋದಾಗ ಭಾವ, ತುಳಿಯದೇ ಓಡುವಂತೆ ಮೆಷಿನ್ನಿಗೆ ತಾವೇ ಮೋಟರ್ ಕೂರಿಸಲು ಹೊರಟಿದ್ದರು.

"ಮೋಟರು, ಪೆಡಲ್ಲು ಎರಡೂ ಅಂಗಡೀಲಿ ಸಿಗುತ್ತಲ್ಲ ಭಾವ?" ಎಂದೆ.

"ಸಿಗುತ್ತೆ. ಸಿಗೋದನ್ನ ತರೋಕೆ ನಾನ್ಯಾಕೆ ಬೇಕು?"

ಕೆಟ್ಟು ಮೂಲೆಗೆ ಬಿದ್ದಿದ್ದ ಮಿಕ್ಸಿಯ ಹೊಟ್ಟೆ ಬಗೆದು ಮೋಟರ್ ತೆಗೆದರು. ಹಾಲ್‌ನ ಫ್ಯಾನಿನ ರೆಗ್ಯುಲೇಟರ್ ಕಿತ್ತು, ತಂತಿಗಳನ್ನು ನೇರವಾಗಿ ಸೇರಿಸಿದರು. ಅದೂ ಯಾವಾಗ? ಮನೆಗೆ ನೆಂಟರು ಬಂದು ಅವಲಕ್ಕಿ ತಿನ್ನುತ್ತಿದ್ದಾಗ! ರೆಗ್ಯುಲೇಟರ್ ಇಲ್ಲದ ಫ್ಯಾನು ಗಿರಗಿರನೆ ತಿರುಗಿ, ನೆಂಟರ ತಟ್ಟೆಯ ಅವಲಕ್ಕಿ ನೆಂಟರ ತಲೆಯ ಮೇಲೆಯೇ ಕೂತಿತು. ಇನ್ನು ಪೆಡಲ್ಲು? ಅಕ್ಕನ ಬಲಗಾಲಿನ ಹವಾಯಿ ಚಪ್ಪಲಿ! ಅದನ್ನು ಬಾಗಿಲ ತಿರುಗಣಿಯಿಂದ ಹಲಗೆಗೆ ಜೋಡಿಸಿ, ಕೆಳಗೊಂದು ಸ್ಪ್ರಿಂಗ್ ಇಟ್ಟು, ದಾರ ಕಟ್ಟಿ ರೆಗ್ಯುಲೇಟರಿನ ಗುಂಡಿಗೆ ಸುತ್ತಿದರು. ಚಪ್ಪಲಿ ಒತ್ತಿದರೆ ದಾರ ಎಳೆದು ಗುಂಡಿ ತಿರುಗಬೇಕು, ಒತ್ತಿದಷ್ಟೂ ಮೋಟರಿನ ವೇಗ ಹೆಚ್ಚಬೇಕು.

"ಚಪ್ಪಲಿ ಯಾಕೆ ಭಾವ?"

"ರಬ್ಬರಲ್ವಾ, ಶಾಕ್ ಹೊಡಿಯಲ್ಲ." ಹೇಳುತ್ತಲೇ ಯಾವುದೋ ತಂತಿ ಮುಟ್ಟಿ ಅರ್ಧ ಅಡಿ ಹಾರಿದರು. ನಾನು ಕಿರುಚಿದೆ. ಅವರು ಮಾತ್ರ ಕೈ ಒದರಿಕೊಂಡು, "ಕರೆಂಟ್ ಚೆನ್ನಾಗಿ ಬರ್ತಿದೆ" ಎಂದರು!

ನಾನು ಊರಿಗೆ ವಾಪಸಾದ ಮರುದಿನ ಭಾವ ಇನ್ನೂ ಗಟ್ಟಿ ಸ್ಪ್ರಿಂಗ್ ಹುಡುಕಿಕೊಂಡು ಶಿವಮೊಗ್ಗಕ್ಕೆ ಬಂದರು. ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅಕ್ಕನ ಫೋನು.

"ಆ ಮನುಷ್ಯ ಅಲ್ಲಿದಾರಾ? ನಾನು ಮುಕ್ಕಾಲು ಗಂಟೆಯಿಂದ ಚಪ್ಪಲಿ ಒತ್ಕೊಂಡು ಕೂತಿದೀನಿ ಕಣೇ! ಒತ್ತಿದ್ರೆ ನಿಲ್ಲುತ್ತೆ, ಕಾಲು ಎತ್ತಿದ್ರೆ ಓಡುತ್ತೆ!"

ದಾರವನ್ನು ಉಲ್ಟಾ ಸುತ್ತಿದ್ದರು! ಸೂಜಿ ಯಾರದೋ ರೇಷ್ಮೆ ರವಿಕೆಯ ಕುತ್ತಿಗೆಯೊಳಗೆ ಇಳಿದಿದೆ, ಸ್ವಿಚ್ಚು ಎದುರು ಗೋಡೆಯಲ್ಲಿದೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ನಾನು ಪರ್ಸು ಹುಡುಕಲು ಓಡಿದೆ. ಭಾವ ಮಾತ್ರ ಲೋಟ ಕೆಳಗಿಟ್ಟು, ಮುಖ ಅರಳಿಸಿ, "ಹಂಗಾದ್ರೆ ಕೆಲಸ ಮಾಡ್ತಿದೆ!" ಅಂದರು. ಇಂಥವರಿಗೆ ಏನು ಹೇಳುತ್ತೀರಿ?

ನಾವು ಬಸ್ ಹತ್ತುವಷ್ಟರಲ್ಲಿ ಭದ್ರಾವತಿಯಲ್ಲಿ ಕರೆಂಟ್ ಹೋಯಿತಂತೆ. ಕರೆಂಟ್ ಹೋಗಿದ್ದಕ್ಕೆ ದೇವರಿಗೆ ಕೈಮುಗಿದ ಹೆಂಗಸು ಇಡೀ ಜಿಲ್ಲೆಯಲ್ಲಿ ನಮ್ಮಕ್ಕ ಒಬ್ಬಳೇ ಇರಬೇಕು! ಹೋಗಿ ನೋಡಿದರೆ ಕತ್ತರಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆದರೆ ಎಷ್ಟೋ ದಿನದ ಮೇಲೆ ಅವತ್ತು ಭಾವನನ್ನು ಬಾಯಿತುಂಬ ಬೈದಳು. ಬೈದು ಸುಸ್ತಾಗಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಭಾವ ದಾರ ಬಿಚ್ಚಿ ಸರಿಯಾಗಿ ಸುತ್ತಿದರು. ಮೆಷಿನ್ ಓಡತೊಡಗಿತು.

ಎರಡು ತಿಂಗಳ ಮೇಲೆ ಹೋದಾಗ ಸೆರಗಿನ ಅಂಚು ಹೊಲಿದುಕೊಳ್ಳಲು ನಾನೇ ಮೆಷಿನ್ ಮುಂದೆ ಕೂತೆ. ಚಪ್ಪಲಿಯನ್ನು ಎಷ್ಟು ಒತ್ತಿದರೂ ಮೆಷಿನ್ನಿಗೆ ವೇಗವೇ ಬರಲಿಲ್ಲ. ಮಿಕ್ಸಿ ಮೋಟರು ಹೀಗೆ ತೆವಳುವುದೇ?

"ನಿಮ್ಮ ಭಾವನ ಎತ್ತಿನಗಾಡಿ ಕಣೇ ಅದು! ಒಂದು ರವಿಕೆಗೆ ಎರಡು ದಿನ!" ಅಡುಗೆಮನೆಯಿಂದ ಅಕ್ಕ ಕೂಗಿದಳು.

ಬಗ್ಗಿ ನೋಡಿದೆ. ಚಪ್ಪಲಿಯ ಕೆಳಗೆ ಮರದ ತುಂಡೊಂದನ್ನು ಅಂಟಿಸಿದ್ದರು. ಅದನ್ನು ದಾಟಿ ಚಪ್ಪಲಿ ಇಳಿಯುವಂತೆಯೇ ಇರಲಿಲ್ಲ. ಕೀಳಲು ಕೈ ಹಾಕಿದ್ದೆ, ಭಾವ ಓಡಿಬಂದು ನನ್ನ ಕೈ ಹಿಡಿದರು.

"ಅದನ್ನ ಮುಟ್ಬೇಡ."

"ಯಾಕೆ ಭಾವ?"

ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವಳ ಕೈ ನಡುಗುತ್ತೆ ಈಗ. ಜೋರಾಗಿ ಓಡಿಸಿದ್ರೆ ಹೊಲಿಗೆ ಸೊಟ್ಟ ಹೋಗುತ್ತೆ. ಒಂದ್ಸಲ ಹೋಯ್ತು. ಅವಳು ನೋಡೋಕ್ಕಿಂತ ಮುಂಚೆ ನಾನೇ ಆ ಹೊಲಿಗೆ ಬಿಚ್ಚಿಟ್ಟೆ. ತನ್ನ ಕೈಲಿ ಆಗಲ್ಲ ಅಂತ ಗೊತ್ತಾದ್ರೆ ಮತ್ತೆ ಬಟ್ಟೆ ಮುಚ್ಚಿ ಕೂತ್ಕೋತಾಳೆ. ಮೆಷಿನ್ನೇ ನಿಧಾನ ಅಂದ್ಕೊಂಡಿರ್ಲಿ ಬಿಡು."

ನಾನು ಕೈ ಹಿಂದೆ ತೆಗೆದುಕೊಂಡೆ.

"ಕೇಳಿಸ್ತಾ? ಮೂವತ್ತು ವರ್ಷ ಅದೇನು ಮೋಟರ್ ರಿಪೇರಿ ಮಾಡಿದ್ರೋ!" ಒಳಗಿನಿಂದ ಮತ್ತೆ ಅಕ್ಕ.

"ಹೌದು ಮಾರಾಯ್ತಿ, ನಂಗೆ ಸರಿಯಾಗಿ ಮಾಡೋಕೆ ಬರ್ಲಿಲ್ಲ," ಎಂದು ಭಾವ ಗಟ್ಟಿಯಾಗಿ ಹೇಳಿದರು. ಆಮೇಲೆ ಬಗ್ಗಿ, ಮರದ ತುಂಡು ಅಲುಗಾಡುತ್ತಿಲ್ಲ ತಾನೇ ಎಂದು ಬೆರಳಿನಿಂದ ಒತ್ತಿ ನೋಡಿದರು.