ಆಫ್ ಮೇಷ್ಟ್ರ ಮನೆಯ ಕರೆಂಟು ಬಿಲ್ಲು

ಬೆಳಿಗ್ಗೆ ಆರೂವರೆಗೆ ಯಾರೋ ಬಾಗಿಲು ಬಡಿದರು. ಆದದ್ದು ಇಷ್ಟೇ. ಆ ಪುಣ್ಯಾತ್ಮ ಬಾಗಿಲು ಬಡಿಯದೆ ಮುಂದಿನ ಮನೆಗೆ ಹೋಗಿದ್ದರೆ ಆಫ್ ಮೇಷ್ಟ್ರು ಅವತ್ತು ಸಂಜೆ ನಾಲ್ಕಕ್ಕೆ ವೇದಿಕೆ ಹತ್ತಿ, ಚಪ್ಪಾಳೆ ಗಿಟ್ಟಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಬರುತ್ತಿದ್ದರು.

ಬಡಿದವನು ಹೊಸದಾಗಿ ಬಂದ ಮೀಟರ್ ರೀಡರು. ಪಡಸಾಲೆಯ ಕತ್ತಲಲ್ಲಿ ಟಾರ್ಚು ಹಾಕಿ ಮೀಟರು ನೋಡಿದ, ಕೈಯಲ್ಲಿದ್ದ ಪುಟ್ಟ ಯಂತ್ರ ಒತ್ತಿದ. ಅದು ಕಿರ್ರೆಂದು ಒಂದು ಬಿಲ್ಲು ಉಗುಳಿತು. ಬಿಲ್ಲು ಕೊಟ್ಟವನು ಹೊರಟೇಹೋದ. ಮೇಷ್ಟ್ರು ಕನ್ನಡಕ ಹಾಕಿ ನೋಡಿದರು. ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ತಿಂಗಳು ತಿಂಗಳೂ ಎರಡಂಕಿ ಬರುತ್ತಿದ್ದ ಜಾಗದಲ್ಲಿ ಐದಂಕಿ ಸಾಲಾಗಿ ನಿಂತು ಹಲ್ಲು ಕಿರಿಯುತ್ತಿದ್ದವು.

"ಏ, ಬಾರೇ ಇಲ್ಲಿ! ನಮ್ಮನೇಲಿ ಏನು ಸಿನಿಮಾ ಟಾಕೀಸು ನಡೀತಿದ್ಯಾ?"

ಇಲ್ಲೊಂದು ಮಾತು ಹೇಳಿಬಿಡಬೇಕು. ಆಫ್ ಮೇಷ್ಟ್ರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕಂಡ ಸ್ವಿಚ್ಚನ್ನೆಲ್ಲ ಆರಿಸುವುದು ಅವರ ಚಾಳಿ. ಸ್ಟಾಫ್ ರೂಮಿನಲ್ಲಿ ಯಾರಾದರೂ ಫ್ಯಾನಿನ ಕೆಳಗೆ ಕೂತು ಉಸ್ಸಪ್ಪಾ ಎನ್ನುವಷ್ಟರಲ್ಲಿ ಹಿಂದಿನಿಂದ 'ಟಕ್' ಎಂದು ಕೇಳಿಸಿತೆಂದರೆ ಮೇಷ್ಟ್ರು ಬಂದರೆಂದೇ ಅರ್ಥ. ಒಮ್ಮೆ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತು ಬೇಜಾರಾಗಿ ಕ್ಯಾಷಿಯರನ ತಲೆಮೇಲಿನ ದೀಪವನ್ನೇ ಆರಿಸಿದ್ದರು. ಮನೆಯಲ್ಲಂತೂ ಕೇಳುವುದೇ ಬೇಡ. ಅವರಿದ್ದಷ್ಟು ಹೊತ್ತು ಉರಿಯುವುದು ಒಂದೇ ಬಲ್ಬು. ಹೆಂಡತಿ, ತಾಯಿ, ತಾವು, ಮೂವರೂ ಅದರ ಹಿಂದೆಯೇ ಕೋಣೆಯಿಂದ ಕೋಣೆಗೆ ಹೋಗಬೇಕು.

ಈ ಚಾಳಿಗೆ ಕೊನೆಗೂ ಬೆಲೆ ಬಂದಿತ್ತು. ಇಡೀ ಬಡಾವಣೆಯಲ್ಲಿ ಅತಿ ಕಡಿಮೆ ಕರೆಂಟು ಉರಿಸುವ ಮನೆ ನಿಮ್ಮದೇ, ಬಂದು ಪ್ರಶಸ್ತಿ ಪತ್ರ ಸ್ವೀಕರಿಸಿ ಎಂದು ವಿದ್ಯುತ್ ಕಚೇರಿಯಿಂದ ಕಾಗದ ಬಂದಿತ್ತು. ಸಮಾರಂಭ ಇವತ್ತೇ ಸಂಜೆ. ಜೀವಮಾನವೆಲ್ಲ ಜನರಿಂದ ಜಿಪುಣ ಎನ್ನಿಸಿಕೊಂಡ ಮನುಷ್ಯನಿಗೆ ಇದಕ್ಕಿಂತ ದೊಡ್ಡದೇನಿದೆ ಹೇಳಿ! ಮೇಷ್ಟ್ರು ಹನ್ನೊಂದು ಪುಟದ ಭಾಷಣ ಬರೆದಿಟ್ಟುಕೊಂಡಿದ್ದರು. ಈಗ ನೋಡಿದರೆ ಈ ಬಿಲ್ಲು.

ಹೆಂಡತಿ ಬಂದು ಬಿಲ್ಲು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಕಟ್ಟಿಬಿಡೋಣ ಬಿಡ್ರೀ," ಅಂದಳು.

"ಏನಂದೆ?"

"ಅವರ ಹತ್ರ ಯಾಕೆ ಜಗಳ? ನನ್ನ ಹತ್ರ ಒಂದಿಷ್ಟಿದೆ, ಮಿಕ್ಕಿದ್ದು ನೀವು ಹಾಕಿ. ಯಾರಿಗೂ ಗೊತ್ತಾಗೋದು ಬೇಡ."

ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಅವಳು ತಾನಾಗಿ ದುಡ್ಡು ಕೊಡುತ್ತೇನೆಂದದ್ದು ಇದೇ ಮೊದಲು. ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ಅನುಮಾನಪಡುತ್ತಿದ್ದರು. ಆದರೆ ಮೇಷ್ಟ್ರ ಪಿತ್ತ ಆಗಲೇ ನೆತ್ತಿಗೇರಿತ್ತು. ಅಷ್ಟರಲ್ಲಿ ಕೂಗಾಟ ಕೇಳಿ ಎದುರುಮನೆಯಾಕೆ ಓಡಿಬಂದಳು. ಒಂಟಿ ಹೆಂಗಸು, ಮೇಷ್ಟ್ರ ಮನೆಯ ವಿಚಾರದಲ್ಲಿ ಅವರಿಗಿಂತ ಅವಳಿಗೇ ಕಾಳಜಿ ಜಾಸ್ತಿ. ಬಿಲ್ಲು ನೋಡಿ ಅವಳೂ ನಾಲಗೆ ಕಚ್ಚಿಕೊಂಡಳು.

"ಕಟ್ಟಿಬಿಡಿ ಮೇಷ್ಟ್ರೇ, ಎಲ್ಲೋ ನಾಲ್ಕು ದಿನ ದೀಪ ಜಾಸ್ತಿ ಉರಿದಿರಬೇಕು."

"ದೀಪ! ನಮ್ಮನೇಲಿ!" ಮೇಷ್ಟ್ರು ಹೌಹಾರಿದರು. "ಸಂಜೆ ಕರೆಂಟ್ ಆಫೀಸಿನ ಸಾಹೇಬರು ಹೇಗೂ ಸಿಗ್ತಾರೆ, ಅವರ ಮುಂದೇನೇ ಇಟ್ಟು ಕೇಳ್ತೀನಿ. ಈಗ ಸ್ಕೂಲಿಗೆ ಹೊತ್ತಾಯ್ತು."

ಅವರು ಸ್ಕೂಲಿಗೆ ಹೊರಟದ್ದು ನೋಡಿ ಇಬ್ಬರು ಹೆಂಗಸರೂ ನೆಮ್ಮದಿಯ ಉಸಿರು ಬಿಟ್ಟರು.

ಆದರೆ ಸ್ಟಾಫ್ ರೂಮು ಇದೆಯಲ್ಲ, ಅದು ಯಾರನ್ನು ಸುಮ್ಮನೆ ಬಿಟ್ಟಿದೆ? ಬಿಲ್ಲು ಕೈಯಿಂದ ಕೈಗೆ ಹೋಯಿತು. ಡ್ರಿಲ್ ಮೇಷ್ಟ್ರು ಅಂಕಿಗಳನ್ನು ಎರಡೆರಡು ಸಲ ಎಣಿಸಿದರು.

"ಸಂಜೆ ಕೇಳ್ತೀರಾ? ಅಷ್ಟು ಜನದ ಮುಂದೆ?" ಅಂದರು. "ಪ್ರಶಸ್ತಿ ಕೊಡೋ ಹೊತ್ತಿಗೆ ಯಾರೋ ಈ ಬಿಲ್ಲು ಎತ್ತಿ ಹಿಡಿದ್ರೆ? ಮಾನ ಹರಾಜಾಗುತ್ತೆ ಸಾರ್! ಈಗಲೇ ಹೋಗಿ, ನಾಲ್ಕರೊಳಗೆ ಕ್ಯಾನ್ಸಲ್ ಮಾಡಿಸಿ!"

"ಮೀಟರೇ ಕೆಟ್ಟಿರುತ್ತೆ," ಅಂದರು ವಿಜ್ಞಾನದ ಟೀಚರು. "ಸ್ಥಳಕ್ಕೇ ಬಂದು ನೋಡಿ ಅನ್ನಿ. ಬಿಡಲೇಬೇಡಿ."

ಮೇಷ್ಟ್ರು ಕೇಳುವ ಮೊದಲೇ ಹೆಡ್ ಮಿಸ್ಸು ಅರ್ಧ ದಿನದ ರಜೆಗೆ ಸಹಿ ಹಾಕಿಕೊಟ್ಟರು. ಮೇಷ್ಟ್ರು ಗೇಟು ದಾಟುತ್ತಿದ್ದಂತೆ ಸ್ಟಾಫ್ ರೂಮಿನ ಮೂರೂ ಫ್ಯಾನುಗಳು ಒಟ್ಟಿಗೆ ತಿರುಗತೊಡಗಿದವು. ಜೊತೆಗೆ ಇರಲಿ ಎಂದು ಡ್ರಿಲ್ ಮೇಷ್ಟ್ರೂ ಹೊರಟುಬಂದರು. ತಮಾಷೆ ನೋಡುವುದೆಂದರೆ ಅವರಿಗೆ ಊಟ ಬಿಡುವಷ್ಟು ಆಸೆ.

ವಿದ್ಯುತ್ ಕಚೇರಿಯಲ್ಲಿ ಮೂರು ಕಿಟಕಿ. ಮೊದಲನೆಯದರಲ್ಲಿ "ದುಡ್ಡು ಕಟ್ಟೋದಾದ್ರೆ ಮಾತ್ರ ಇಲ್ಲಿ" ಅಂದರು. ಎರಡನೆಯದರಲ್ಲಿ "ಮೊದಲು ಕಟ್ಟಿ, ಆಮೇಲೆ ತಕರಾರು" ಅಂದರು. ಮೂರನೆಯದರಲ್ಲಿ ಯಾರೂ ಇರಲಿಲ್ಲ, ಆದರೆ ಫ್ಯಾನು ತಿರುಗುತ್ತಿತ್ತು. ಮೇಷ್ಟ್ರ ಕೈ ಕಿಟಕಿಯೊಳಗೆ ತೂರಿ ಸ್ವಿಚ್ಚಿನ ಕಡೆ ಚಾಚಿದ್ದೇ ತಡ, ಹಿಂದಿನಿಂದ ಯಾರೋ ಅವರ ಹೆಗಲು ಹಿಡಿದರು.

"ಏನ್ರೀ ಕಳ್ಳತನ ಇದು?"

ಹಿಡಿದವರು ಸಾಹೇಬರು! ಹೆಸರು, ವಿಳಾಸ ಕೇಳಿದ್ದೇ ಸಾಹೇಬರ ಸಿಟ್ಟು ಇಳಿದು ಮುಖ ಅರಳಿತು. "ಅಯ್ಯಯ್ಯೋ, ನಮ್ಮ ಪ್ರಶಸ್ತಿಯ ಮನೆಯವರಾ? ಬನ್ನಿ ಬನ್ನಿ!" ಎಂದು ಒಳಗೆ ಕರೆದೊಯ್ದರು. ಮೇಜಿನ ಮೇಲೆ ಫ್ರೇಮು ಹಾಕಿದ ಪ್ರಶಸ್ತಿ ಪತ್ರ ಫಳಫಳ ಹೊಳೆಯುತ್ತಿತ್ತು. ಮೇಷ್ಟ್ರ ಕಣ್ಣು ತುಂಬಿ ಬಂತು. ಅದರ ಪಕ್ಕದಲ್ಲಿ ಬಿಲ್ಲು ಇಟ್ಟರು.

ಸಾಹೇಬರು ಬಿಲ್ಲು ನೋಡಿದರು, ಪ್ರಶಸ್ತಿ ನೋಡಿದರು, ಮೇಷ್ಟ್ರನ್ನು ನೋಡಿದರು. ಕಡತ ತರಿಸಿದರು.

"ಮೂವತ್ತು ತಿಂಗಳಿಂದ ನಿಮ್ಮ ಮನೆ ಬೀಗ ಹಾಕಿದೆ ಅಂತ ಇದೆಯಲ್ರೀ! ಅದಕ್ಕೇ ಮಿನಿಮಮ್ ಬಿಲ್ಲು ಹಾಕ್ಕೊಂಡು ಬಂದಿದಾರೆ."

"ಬೀಗಾನಾ? ನಾವು ಅಲ್ಲೇ ಇದೀವಲ್ಲ ಸಾರ್!"

"ಹಳೇ ರೀಡರು ಬರೆದಿದಾನೆ ನೋಡಿ. 'ಬೆಳಿಗ್ಗೆ ಆರಕ್ಕೆ ಬೆಲ್ ಒತ್ತಿದರೆ ಸದ್ದಿಲ್ಲ, ದೀಪ ಇಲ್ಲ, ಜನ ವಾಸವಿಲ್ಲ.' ಬೆಲ್ ಕೆಟ್ಟಿತ್ತಾ?"

ಮೇಷ್ಟ್ರು ಕೆಮ್ಮಿದರು. "ಕೆಟ್ಟಿರಲಿಲ್ಲ. ಕರೆಂಟು ಉಳೀಲಿ ಅಂತ ವೈರು ಕಿತ್ತುಹಾಕಿದ್ದೆ."

ಡ್ರಿಲ್ ಮೇಷ್ಟ್ರು ಗೋಡೆಯ ಕಡೆ ತಿರುಗಿ ಬಾಯಿಗೆ ಕರ್ಚೀಫು ಹಿಡಿದುಕೊಂಡರು.

"ಸರಿ, ಮೂವತ್ತು ತಿಂಗಳದ್ದು ಒಟ್ಟಿಗೆ ಬಂದಿದೆ ಅಂತಿಟ್ಟುಕೊಳ್ಳಿ," ಅಂದರು ಸಾಹೇಬರು, ಕಾಗದದ ಮೇಲೆ ಭಾಗಾಕಾರ ಹಾಕುತ್ತಾ. "ಆದ್ರೂ ಇದು ಮನೆಯಲ್ಲ ಮೇಷ್ಟ್ರೇ, ಹಿಟ್ಟಿನ ಗಿರಣಿ."

"ಒಂದು ಬಲ್ಬು ಸಾರ್! ನನ್ನಾಣೆಗೂ ಒಂದೇ ಒಂದು ಬಲ್ಬು! ಮೀಟರು ಕೆಟ್ಟಿದೆ! ಈಗಿಂದೀಗ್ಲೇ ಬನ್ನಿ, ಮುಂಚೆ ತಿಳಿಸದೆ ಬನ್ನಿ, ನಿಮ್ಮ ಕಣ್ಣಾರೆ ನೋಡಿ!"

ಸಾಹೇಬರಿಗೂ ಬೇಕಾದದ್ದು ಅದೇ. ಮೇಲಿನ ಕಚೇರಿಯ ದೊಡ್ಡವರು ಸಮಾರಂಭಕ್ಕೆಂದು ಆಗಲೇ ಹೊರಟಿದ್ದರು, ಫ್ರೇಮು ಹಾಕಿಸಿಯಾಗಿತ್ತು. ಮೀಟರು ಕೆಟ್ಟಿದೆ ಎಂದಾದರೆ ಬಿಲ್ಲೂ ಹೋಯಿತು, ಮರ್ಯಾದೆಯೂ ಉಳಿಯಿತು. "ನಡೀರಿ! ಫೋಟೋದವನೂ ಬರಲಿ, ಆದರ್ಶ ಮನೆಯದ್ದೊಂದು ಫೋಟೋ ಆದಹಾಗಾಯ್ತು," ಎಂದು ಪ್ರಶಸ್ತಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಜೀಪು ಹತ್ತಿದರು. ದಾರಿಯುದ್ದಕ್ಕೂ ಮೇಷ್ಟ್ರು ಭಾಷಣದ ಮೊದಲ ನಾಲ್ಕು ಪುಟ ಅವರಿಗೆ ಒಪ್ಪಿಸಿದರು. ಏನು ಉತ್ಸಾಹ, ಏನು ಖುಷಿ! ಬಡಾವಣೆಯ ತಿರುವಿನಲ್ಲಿ ಕಂಡ ದಿನಸಿ ಅಂಗಡಿಯವನನ್ನೂ ಇಸ್ತ್ರಿಯವನನ್ನೂ "ಬನ್ನಿ, ನೀವೂ ಸಾಕ್ಷಿ!" ಎಂದು ಕೂಗಿ ಕರೆದರು.

ಮಧ್ಯಾಹ್ನ ಒಂದೂವರೆ. ಕೆಲಸದ ದಿನ ಈ ಹೊತ್ತಿನಲ್ಲಿ ಮೇಷ್ಟ್ರು ತಮ್ಮ ಮನೆಯನ್ನು ಯಾವತ್ತೂ ಕಂಡವರಲ್ಲ.

"ಹತ್ರದಲ್ಲೇನಾದ್ರೂ ಕಾರ್ಖಾನೆ ಇದ್ಯಾ?" ಸಾಹೇಬರು ಕಿವಿ ನಿಮಿರಿಸಿದರು. "ಏನೋ ಗುಂಯ್ ಅಂತಿದೆ."

"ಏನೂ ಇಲ್ಲವಲ್ಲ ಸಾರ್," ಎನ್ನುತ್ತಾ ಮೇಷ್ಟ್ರು ಬೀಗದ ಕೈ ತಿರುಗಿಸಿ, ಮದುವೆಮನೆಯ ಯಜಮಾನನ ಹಾಗೆ ಬಾಗಿಲನ್ನು ಅಗಲವಾಗಿ ತೆರೆದರು.

ಬೆಳಕು ಕಣ್ಣಿಗೆ ರಾಚಿತು. ಪಡಸಾಲೆ, ಅಡುಗೆಮನೆ, ಕೊನೆಗೆ ಬಚ್ಚಲಿನಲ್ಲೂ ದೀಪ. ನಾಲ್ಕು ಫ್ಯಾನು. ಮೇಷ್ಟ್ರು ಪ್ಲಗ್ಗು ಕಿತ್ತಿಟ್ಟಿದ್ದ ಟೀವಿ ಗಂಟಲು ಹರಿದುಕೊಂಡು ಹಾಡುತ್ತಿತ್ತು. ಒಂದು ಮೂಲೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಮೈಮೇಲೆ ದೇವರು ಬಂದವರ ಹಾಗೆ ಕುಣಿಯುತ್ತಿತ್ತು. ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದವಳು ಹಾಗೇ ಕಲ್ಲಾದಳು.

ಒಳಕೋಣೆಯಿಂದ ತಣ್ಣನೆಯ ಗಾಳಿ ಬಂದು ಎಲ್ಲರ ಮುಖಕ್ಕೆ ತಾಗಿತು. ಅಲ್ಲಿ ಮಂಚದ ಮೇಲೆ ಮೇಷ್ಟ್ರ ತಾಯಿ ಕಂಬಳಿ ಹೊದ್ದು ಕೂತಿದ್ದರು. ಪಕ್ಕದಲ್ಲಿ ಕಾಲು ಚಾಚಿಕೊಂಡು ಎದುರುಮನೆಯಾಕೆ. ತಲೆಯ ಮೇಲೆ ಏ.ಸಿ.

"ಯಾರಪ್ಪಾ ಅದು? ಬಾಗಿಲು ಹಾಕ್ರೋ, ತಂಪೆಲ್ಲಾ ಹೊರಗೆ ಹೋಗುತ್ತೆ!" ಅಂದರು ತಾಯಿ.

"ಏ.ಸಿ.!" ಮೇಷ್ಟ್ರ ದನಿ ಕೀರಲಾಯಿತು. "ನಮ್ಮನೇಲಿ ಏ.ಸಿ.! ಯಾವಾಗಿಂದ?"

"ಎರಡು ವರ್ಷ ಆಯ್ತು," ಹೆಂಡತಿ ನೆಲ ನೋಡುತ್ತಾ ಹೇಳಿದಳು. "ಕರೆಂಟಲ್ಲಿ ಉಳೀತು, ಕೂಡಿಡು ಅಂತ ತಿಂಗಳು ತಿಂಗಳೂ ಕೊಡ್ತಿದ್ರಲ್ಲ, ಆ ದುಡ್ಡಲ್ಲೇ ತಗೊಂಡಿದ್ದು. ಎಷ್ಟು ಉರಿಸಿದ್ರೂ ಬಿಲ್ಲು ಅಷ್ಟೇ ಬರ್ತಿತ್ತು, ಮನೆ ಮೀಟರಿನ ಪುಣ್ಯ ಅಂದ್ಕೊಂಡ್ವಿ."

"ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ?"

"ನೀವು ಈ ರೂಮಲ್ಲಿ ಒಂದು ದಿನಾನಾದ್ರೂ ಲೈಟು ಹಾಕಿದ್ರೆ ತಾನೇ!"

ಡ್ರಿಲ್ ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೇಷ್ಟ್ರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೂ ಆಸೆ ನೋಡಿ, ಸಾಹೇಬರ ಕಂಕುಳಲ್ಲಿದ್ದ ಫ್ರೇಮಿನ ಮೇಲಿಂದ ಕಣ್ಣು ಕೀಳಲು ಆಗಲಿಲ್ಲ.

"ಬಿಲ್ಲೇನೋ ಕಟ್ತೀನಿ ಸಾರ್," ಅಂದರು. "ಪ್ರಶಸ್ತಿ... ನಾನಾದ್ರೂ ಉಳಿಸಿದೀನಲ್ಲ ಸಾರ್, ನನ್ನ ಪಾಲಿಂದು..."

ಸಾಹೇಬರು ಗಡಿಯಾರ ನೋಡಿಕೊಂಡರು. ಎರಡು ಗಂಟೆಯಾಗುತ್ತಿತ್ತು. ಅವರ ಹಣೆಯ ಮೇಲೆ ಆ ತಂಪಿನಲ್ಲೂ ಬೆವರು. ಜೇಬಿನಿಂದ ಪಟ್ಟಿ ತೆಗೆದು ಎರಡನೆಯ ಹೆಸರಿನ ಮೇಲೆ ಬೆರಳಿಟ್ಟರು.

"ಇವರ ಬಿಲ್ಲು ಸಾಚಾ ಇದೆ. ಪ್ರತಿ ತಿಂಗಳೂ ಒಳಗೆ ಹೋಗಿ ಓದಿದ್ದು. ಇದೇ ರಸ್ತೆ... ಎದುರುಗಡೆ ಮನೆ. ಯಾರಿದಾರೆ ಅಲ್ಲಿ?"

"ನಾನೇ!" ಎದುರುಮನೆಯಾಕೆ ಮಂಚದಿಂದ ಜಿಗಿದಳು.

"ಅಮ್ಮಾ, ಬದುಕಿಸಿದಿರಿ! ಅಷ್ಟು ಕಡಿಮೆ ಕರೆಂಟಲ್ಲಿ ಹೇಗಮ್ಮಾ ಸಂಸಾರ ಮಾಡ್ತೀರಿ? ಸಂಜೆ ನಾಲ್ಕು ಮಾತಾಡಬೇಕಾಗುತ್ತೆ."

"ಏನಿದೆ ಸಾರ್ ಅದರಲ್ಲಿ," ಆಕೆ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು. "ಬೆಳಿಗ್ಗೆ ಮೇಷ್ಟ್ರು ಸ್ಕೂಲಿಗೆ ಹೋದ ತಕ್ಷಣ ಇಲ್ಲಿಗೆ ಬರ್ತೀನಿ, ಸಂಜೆ ಅವರು ಬರೋ ಹೊತ್ತಿಗೆ ಹೋಗಿ ಮಲಗ್ತೀನಿ. ಒಗೆಯೋದು, ಇಸ್ತ್ರಿ, ಎಲ್ಲಾ ಇಲ್ಲೇ."

ಸಾಹೇಬರಿಗೆ ಅದನ್ನೆಲ್ಲ ಕೇಳುವ ವ್ಯವಧಾನ ಇರಲಿಲ್ಲ. ಪ್ರಶಸ್ತಿಯನ್ನು ಅವಳ ಕೈಗಿಟ್ಟು, ಫೋಟೋದವನಿಗೆ ಸನ್ನೆ ಮಾಡಿದರು. ಅವನು ಒಂದು ಕಣ್ಣು ಮುಚ್ಚಿ ಕ್ಯಾಮೆರಾ ಎತ್ತಿದ, ತಲೆ ಕೊಡವಿದ, ಕೈಬೀಸಿದ.

"ಮೇಷ್ಟ್ರೇ, ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ಬರ್ತಿದೀರಿ."