ಕತ್ತಿ, ಮಾಟ ಮತ್ತು ತಂಗಿಯ ಕಿವಿ

ನಮ್ಮ ಚಿಕ್ಕಪ್ಪನಿಗೆ ಇಂಗ್ಲಿಷ್ ಒಂದಕ್ಷರವೂ ಬರುವುದಿಲ್ಲ. ಆದರೂ ಇಂಗ್ಲಿಷ್ ಸಿನಿಮಾಗಳನ್ನು ಅವರಷ್ಟು ಅರ್ಥ ಮಾಡಿಕೊಂಡವರು ಇಡೀ ಹಲಸೂರಿನಲ್ಲಿ ಇನ್ನೊಬ್ಬರಿಲ್ಲ! ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ಶಿವಾಜಿನಗರದ ಟಾಕೀಸಿಗೆ ಕರೆದೊಯ್ದು, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕಿವಿಯಲ್ಲಿ ಪೂರ್ತಿ ಕಥೆ ಹೇಳುತ್ತಿದ್ದರು. ನಾನು ತಂಗಿಯ ಆಚೆ ಬದಿಗೆ. ನನಗೆ ದಕ್ಕುತ್ತಿದ್ದುದು ಅಲ್ಲೊಂದು ಇಲ್ಲೊಂದು ಮಾತು. ಆಗ ಹತ್ತಿಕೊಂಡ ಹೊಟ್ಟೆಕಿಚ್ಚು ಐವತ್ತು ದಾಟಿದರೂ ಆರಿಲ್ಲವೆಂದರೆ ನಂಬುತ್ತೀರಾ?

ಕತ್ತಿ, ಮಾಟ, ರಾಕ್ಷಸರ ಸಿನಿಮಾವೊಂದು ಬಂದಾಗಲಂತೂ ಕೇಳಬೇಡಿ. ಹೊಲಗಳೆಲ್ಲ ಸೈಟುಗಳಾಗುವುದನ್ನೂ ಅಣ್ಣತಮ್ಮಂದಿರು ಪಾಲಿಗಾಗಿ ಕಿತ್ತಾಡುವುದನ್ನೂ ನೋಡುತ್ತ ಬೆಳೆದವರು ಚಿಕ್ಕಪ್ಪ. ಅವರ ಪ್ರಕಾರ ಲೋಕದ ಯುದ್ಧಗಳೆಲ್ಲ ಪಾಲಿನ ಜಗಳಗಳೇ. ಮಂತ್ರವಾದಿ ಹೀರೋನ ದೊಡ್ಡಪ್ಪ. ಕೋಟೆಗೆ ಬೆಂಕಿ ಇಟ್ಟಿದ್ದು ಜಮೀನಿನ ಪತ್ರ ಸುಡುವುದಕ್ಕೆ! ಹಿಂದಿನ ಸಾಲಿನಲ್ಲಿದ್ದ ತಮಿಳಿನವರೊಬ್ಬರು ಬಗ್ಗಿ, "ಸಾರ್, ಸ್ವಲ್ಪ ಜೋರಾಗಿ ಹೇಳಿ, ನಮಗೂ ಕೇಳ್ಲಿ" ಎಂದರು. ಅವರಿಗಾಗಿ ಚಿಕ್ಕಪ್ಪ ದನಿ ಏರಿಸಿದರು; ನನಗಾಗಿ ಎಂದೂ ಏರಿಸಲಿಲ್ಲ.

ಮೊನ್ನೆ ಭಾನುವಾರ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಬೆಂದು ಕೆ.ಆರ್. ಪುರದ ತಂಗಿಯ ಮನೆ ತಲುಪಿದರೆ, ಟೀವಿಯಲ್ಲಿ ಅದೇ ಸಿನಿಮಾ. ಸೋಫಾದಲ್ಲಿ ಚಿಕ್ಕಪ್ಪ, ಅವರಿಗೆ ಅಂಟಿಕೊಂಡು ತಂಗಿ. ನಾನು ಮತ್ತೆ ಆಚೆ ಬದಿಗೆ! ಆದರೆ ಈಗ ನನಗೆ ಇಂಗ್ಲಿಷ್ ಬರುತ್ತದಲ್ಲ? ಕಣ್ಣರಳಿಸಿ ನೋಡಿದೆ. ರಾಕ್ಷಸ ಬರೀ ರಟ್ಟಿನವನು. ಹೀರೋ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಹಂಡೆಯ ನೀರು ಕಾಯಲೆಂದು ಕಾದು ನಿಂತವನಂತಿದ್ದ.

ಐದನೇ ನಿಮಿಷಕ್ಕೆ ಹೀರೋನ ತಾಯಿ ಕತ್ತಿಗೆ ಬಲಿಯಾದಳು.

"ತವರಿಗೆ ಹೋದ್ಲು. ಕೊನೇಲಿ ಬರ್ತಾಳೆ" ಎಂದಳು ತಂಗಿ, ಚಿಕ್ಕಪ್ಪ ಅಂದು ಹೇಳಿದ್ದಂತೆಯೇ.

ಕೊನೆಯಲ್ಲಿ ಕಿರೀಟ ತೊಟ್ಟು ಬರುವ ಯಾವಳೋ ರಾಣಿಯನ್ನು ಅವಳು ಇಷ್ಟು ವರ್ಷವೂ ಆ ತಾಯಿಯೆಂದೇ ನಂಬಿದ್ದಳು. ಇಷ್ಟು ಕಾಲದ ಸೇಡು ತೀರಿಸಿಕೊಳ್ಳಲು ಬಾಯಿ ತೆರೆದವಳು ಸುಮ್ಮನಾದೆ. ನಮ್ಮಮ್ಮ ತೀರಿಕೊಂಡ ತಿಂಗಳಲ್ಲೇ ಅಲ್ಲವೇ ಚಿಕ್ಕಪ್ಪ ನಮ್ಮನ್ನು ಸಿನಿಮಾಕ್ಕೆ ಕರೆದೊಯ್ಯತೊಡಗಿದ್ದು? ಅಮ್ಮ ತವರಿಗೆ ಹೋಗಿದ್ದಾಳೆಂದೇ ಆಗ ತಂಗಿಗೆ ಹೇಳಿದ್ದರು.

ತಂಗಿ ಕಾಫಿ ಮಾಡಲು ಎದ್ದಾಗ, ನನಗೇಕೆ ಒಂದು ದಿನವೂ ಕಥೆ ಹೇಳಲಿಲ್ಲವೆಂದು ಚಿಕ್ಕಪ್ಪನನ್ನು ಕೇಳಿಯೇ ಬಿಟ್ಟೆ. ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಅಮ್ಮನ್ನ ಎತ್ಕೊಂಡು ಹೋಗಿದ್ದನ್ನ ನೀನು ನೋಡಿದ್ದೆ ಕಣಮ್ಮ. ನಿನ್ನ ಹತ್ರ ಸುಳ್ಳು ಹೇಳೋಕೆ ನಂಗೆ ಬಾಯೇ ಬರ್ತಿರ್ಲಿಲ್ಲ."

ನಾನು ತಂಗಿಯ ಜಾಗಕ್ಕೆ ಸರಿದು, ಅವರ ತೋಳಿಗೆ ಒರಗಿ ಕೂತೆ.

"ಈಗ ಹೇಳಿ ಚಿಕ್ಕಪ್ಪ. ಆ ತಾಯಿ ಎಲ್ಲಿಗೆ ಹೋದ್ಲು?"