ಏಳೂವರೆ ಬಸ್ಸಿನ ಮಾವ

ನಮ್ಮ ಸೋದರಮಾವ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಯಿತು. ಅದನ್ನು ಅವರಿಗೆ ತಿಳಿಸುವ ಧೈರ್ಯ ಮಾತ್ರ ಇನ್ನೂ ಯಾರಿಗೂ ಬಂದಿಲ್ಲ.

ಬೆಳಿಗ್ಗೆ ಏಳೂವರೆಗೆ ಶ್ರೀರಂಗಪಟ್ಟಣ ಬಿಟ್ಟು ಪಾಂಡವಪುರ, ಕೆ.ಆರ್. ಪೇಟೆ ಹಾದು ನಾಗಮಂಗಲ ಸೇರುವ ಖಾಸಗಿ ಬಸ್ಸು ಅವರದು. ಅಂದರೆ ಅವರದಲ್ಲ, ಮೂವತ್ತು ವರ್ಷ ಅದರಲ್ಲಿ ಟಿಕೆಟ್ ಹರಿದವರು, ಅಷ್ಟೆ. ಈಗಲೂ ದಿನಾ ಪಾಂಡವಪುರದ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸು ಬರುವ ಮುಂಚೆಯೇ "ಪೇಟೆ, ನಾಗಮಂಗ್ಲ" ಎಂದು ಕೂಗಿ ಜನ ಕೂಡಿಸುತ್ತಾರೆ. ಯಾರಾದರೂ ಟೈಮು ಕೇಳಿದರೋ ಕೆಟ್ಟರು, ಕಂಪನಿಯ ಚರಿತ್ರೆಯೇ ಶುರು! ಮೊದಲ ಯಜಮಾನರಿಗಿದ್ದ ಒಂದೇ ಒಂದು ಬಸ್ಸು, ಏರು ಬಂದರೆ ಜನರೇ ಇಳಿದು ಅದನ್ನು ತಳ್ಳಿದ್ದು, "ಈ ಸೀಮೆ ಅರ್ಧ ಸೊಸೇರ್ನ ತಂದ್ ಇಳ್ಸಿದ್ದು ನಾವೇ ಕಣ್ಲಾ" ಎಂಬ ಹೆಮ್ಮೆ. ಕೇಳುತ್ತಾ ನಿಂತ ಒಬ್ಬರಂತೂ ಎರಡನೆಯ ಯಜಮಾನರ ಕಾಲ ಮುಗಿಯುವಷ್ಟರಲ್ಲಿ ಬಸ್ಸು ತಪ್ಪಿಸಿಕೊಂಡರು.

ನಾಗಮಂಗಲದ ಒಂದು ಮದುವೆಗೆ ಅತ್ತೆ, ಹೆಂಗಸರಿಗೆ ಪುಕ್ಕಟೆಯಾದ ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೋದರು. ಮಾವ ಅದನ್ನು ಹತ್ತುತ್ತಾರೆಯೇ? ಕಂಪನಿಯ ಬಸ್ಸಿಗೇ ಕಾದು ಬಂದಾಗ ತಾಳಿ ಕಟ್ಟಿ ಆಗಿತ್ತು. "ಊಟದ್ ಟೈಮಿಗ್ ಸರ್ಯಾಗ್ ತಂದ್ಬುಡ್ತು ನೋಡು" ಎನ್ನುತ್ತಾ ಎಲೆಯ ಮುಂದೆ ಕೂತರು.

ಹೋದ ವರ್ಷ ಈಗಿನ ಯಜಮಾನರು ಆ ಬಸ್ಸನ್ನೇ ನಿಲ್ಲಿಸಲು ಹೊರಟರು. ಮಾವ ನನ್ನನ್ನೂ ಎಳೆದುಕೊಂಡು ಅವರ ಆಫೀಸಿಗೆ ನುಗ್ಗಿದರು.

"ಅಣ್ಣಾ, ಹೆಂಗಸರೆಲ್ಲ ಕೆಂಪು ಬಸ್ ಹತ್ತಾವ್ರೆ. ಖಾಲಿ ಸೀಟ್ ಇಟ್ಕೊಂಡ್ ಎಷ್ಟ್ ದಿನ ಓಡಿಸ್ಲಿ?" ಎಂದರು ಯಜಮಾನರು.

"ಕೆಂಪು ಬಸ್ಸು ದೊಡ್ ರೋಡ್ ಬುಟ್ಟು ಇಳಿಯಾಕಿಲ್ಲ ಯಜಮಾನ್ರೇ. ನಾವು ಮೊದ್ಲಿನಂಗೆ ಹಳೇ ದಾರೀಲೇ ಹಳ್ಳಿ ಒಳಕ್ ಹೋಗಾನ. ಒಂದ್ ತಿಂಗ್ಳು ನಂಗ್ ಬುಡಿ" ಎಂದರು ಮಾವ.

ಆ ತಿಂಗಳು ಮಾವ ಹಳ್ಳಿ ಹಳ್ಳಿ ಸುತ್ತಿದರು. ಕಾಲೇಜಿಗೆ ಹೋಗುವ ಹುಡುಗಿಯರು, ಆಸ್ಪತ್ರೆಗೆ ಹೋಗುವ ಮುದುಕರು, ಸಂತೆಗೆ ಹೋಗುವ ಕುರಿಯವರು, ಯಾರನ್ನೂ ಬಿಡಲಿಲ್ಲ.

"ಕುರಿಗೂ ಸೀಟ್ ಕೊಟ್ಟೀಯಾ?" ಎಂದು ಒಬ್ಬ ಛೇಡಿಸಿದ.

"ಕುರೀಗ್ ಟಾಪು, ನಿಂಗ್ ಸೀಟು. ಉಲ್ಟಾ ಬೇಕಂದ್ರೂ ಮಾಡ್ಕೊಡ್ತೀನಿ, ಹತ್ತು."

ತಿಂಗಳು ತುಂಬುವ ಹೊತ್ತಿಗೆ ಬಸ್ಸೂ ತುಂಬಿತ್ತು. ಯಜಮಾನರು ನಕ್ಕು ಸೋಲೊಪ್ಪಿಕೊಂಡರು. ಬಸ್ಸು ಉಳಿಯಿತು.

ಮರುವಾರ ಅತ್ತೆಯೂ ನಾನೂ ಅದರಲ್ಲೇ ನಾಗಮಂಗಲಕ್ಕೆ ಹೊರಟೆವು. ಬಾಗಿಲಲ್ಲಿ ನಿಂತಿದ್ದ ಮಾವ ಒಂದು ನಾಲೆ ಸೇತುವೆಯ ಹತ್ತಿರ ಬಸ್ಸು ನಿಲ್ಲಿಸಿ ಇಳಿದರು. ಅಲ್ಲಿ ಹತ್ತುವವರು ಯಾರೂ ಇರಲಿಲ್ಲ. ಹಿಂದಿನ ಟೈರನ್ನು ಒಮ್ಮೆ ತಟ್ಟಿ, ಗದ್ದೆ ಬಯಲನ್ನು ನೋಡುತ್ತಾ ನಿಂತರು.

"ಪಂಚರಾ ಅತ್ತೆ?" ಎಂದೆ.

"ಪಂಚರೂ ಇಲ್ಲ, ಏನೂ ಇಲ್ಲ ಕಣಪ್ಪ" ಎಂದರು ಅತ್ತೆ, ಕಿಟಕಿಯಿಂದ ಮುಖ ತಿರುಗಿಸದೆ. "ಅದೇ ನಮ್ ತೌರೂರ್ ದಾರಿ. ಮದ್ವೆಗ್ ಮುಂಚೆ ಹೊಲಿಗೆ ಕಲಿಯಕ್ಕೆ ಇಲ್ಲೇ ಬಸ್ ಹತ್ತೋಳು ನಾನು. ಗದ್ದೆ ಬದೀನಲ್ಲಿ ಓಡ್ಬರೋದ್ ಕಂಡ್ರೆ, ಟೈರ್ ನೋಡ್ತೀನಿ ಅಂತ ನಿಮ್ಮಾವ ಇಂಗೇ ಇಳ್ದು ನಿಂತ್ಕಳೋರು."

ಮಾವ ಮೇಲೆ ಹತ್ತಿದರು. ನಾನು ಎದ್ದು ಅತ್ತೆಯ ಪಕ್ಕದ ಜಾಗವನ್ನು ಅವರಿಗೆ ಬಿಟ್ಟು, ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತೆ.